ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಟ್ಟಾಗ: ಹೊಸದು ಕೂರಿಸುವುದೋ, ಇದ್ದುದನ್ನೇ ಬಿಚ್ಚಿ ಕಟ್ಟಿಸುವುದೋ?

ಹುಬ್ಬಳ್ಳಿಯ ಗೋಕುಲ ರಸ್ತೆಯಿರಲಿ, ಧಾರವಾಡದ ಹೆದ್ದಾರಿ ಬದಿಯಿರಲಿ, ಗೇರ್ ಹಿಡಿಯದ ಆಟೊಮ್ಯಾಟಿಕ್ ಕಾರೊಂದು ಅಧಿಕೃತ ಸರ್ವಿಸ್ ಕೇಂದ್ರದ ಒಳಗೆ ಹೋದರೆ ಮಾಲೀಕನ ಕೈಗೆ ಬರುವ ಎಸ್ಟಿಮೇಟ್ ಬಹುತೇಕ ಒಂದೇ ಸಾಲಿನದು: ಟ್ರಾನ್ಸ್‌ಮಿಷನ್ ಅಸೆಂಬ್ಲಿ, ಒಂದು. ಅಂದರೆ ಪೂರ್ತಿ ಹೊಸ ಗೇರ್‌ಬಾಕ್ಸ್. ಅದರ ಎದುರಿಗೆ ಲಕ್ಷಗಳ ಮೊತ್ತ. ಆ ಹಾಳೆಯನ್ನು ಹಿಡಿದುಕೊಂಡು ಹೊರಗಿನ ಗ್ಯಾರೇಜಿಗೆ ಹೋದರೆ ಅಲ್ಲಿನ ಮಾತೂ ಅಷ್ಟೇ ಚುಟುಕು: ‘ಬಿಚ್ಚಿ ಕಟ್ಟಿಕೊಡುತ್ತೇವೆ, ಅರ್ಧ ದುಡ್ಡು ಸಾಕು.’ ಇಬ್ಬರೂ ಹೇಳುವುದು ತಮಗೆ ಸಲೀಸಾದುದನ್ನು. ಗೇರ್‌ಬಾಕ್ಸಿನೊಳಗೆ ಕೆಟ್ಟಿರುವುದು ಯಾವ ಭಾಗ ಎಂಬುದು ಮಾತ್ರ ಎರಡೂ ಉತ್ತರಗಳಲ್ಲಿ ಇಲ್ಲ.

ಕೆಟ್ಟ ಭಾಗದ ಹೆಸರು ಕಾಗದದ ಮೇಲೆ ಬರುವ ತನಕ ‘ಬದಲಿಸುವುದೋ, ಓವರ್‌ಹಾಲ್ ಮಾಡಿಸುವುದೋ (ಅಂದರೆ ಬಿಚ್ಚಿ ಕಟ್ಟಿಸುವುದೋ)’ ಎಂಬ ಪ್ರಶ್ನೆಗೆ ಉತ್ತರಿಸಬಾರದು ಎನ್ನುವುದು ನನ್ನ ನಿಲುವು. ಹೆಸರು ಬಂದ ಮೇಲೆ ಎಷ್ಟೋ ಸಲ ಈ ಎರಡೂ ಬೇಕಿಲ್ಲ, ನಡುವೆ ಇನ್ನೊಂದು ದಾರಿ ಇದೆ ಎಂದು ಗೊತ್ತಾಗುತ್ತದೆ. ಆ ನಡುವಿನ ದಾರಿಯನ್ನು ಕೌಂಟರಿನಲ್ಲಿ ಯಾರೂ ತಾವಾಗಿ ತೋರಿಸುವುದಿಲ್ಲ.

ಷೋರೂಮಿನವರು ಪೂರ್ತಿ ಅಸೆಂಬ್ಲಿಯನ್ನೇ ಏಕೆ ಹೇಳುತ್ತಾರೆ

ಇದರಲ್ಲಿ ಬರೀ ದುರಾಸೆಯನ್ನು ಕಾಣುವುದು ತಪ್ಪು. ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಬಿಚ್ಚಲು ದೂಳಿಲ್ಲದ ಕೋಣೆ ಬೇಕು, ಆಯಾ ಮಾದರಿಗೆಂದೇ ಮಾಡಿದ ಪುಲ್ಲರ್, ಪ್ರೆಸ್, ಅಳತೆಯ ಗೇಜುಗಳು ಬೇಕು, ನೂರಾರು ತುಣುಕುಗಳನ್ನು ಸರಿಯಾದ ಕ್ರಮದಲ್ಲೇ ಮರುಜೋಡಿಸಿ ಪಳಗಿದ ಕೈ ಬೇಕು. ವಾಲ್ವ್ ಬಾಡಿ ಎನ್ನುವ ಅಲ್ಯೂಮಿನಿಯಂ ತಟ್ಟೆಯಲ್ಲಿ ಎಣ್ಣೆ ಹರಿಯುವ ಸಣ್ಣ ಸಣ್ಣ ಕಾಲುವೆಗಳಿರುತ್ತವೆ. ಅದರಲ್ಲಿ ಒರೆಸುವ ಬಟ್ಟೆಯ ಒಂದು ನೂಲೆಳೆ ಉಳಿದರೂ ವಾಲ್ವ್ ಸಿಕ್ಕಿಕೊಂಡು ಗೇರ್ ತಡವಾಗಿ ಬೀಳುತ್ತದೆ. ಹಾಗಾಗಿ ಕೆಲಸ ಬಲ್ಲವರು ಅದನ್ನು ತೊಳೆದು ಗಾಳಿ ಹೊಡೆದು ಒಣಗಿಸುತ್ತಾರೆಯೇ ಹೊರತು ಹಳೆಯ ಬನಿಯನ್‌ನಿಂದ ಒರೆಸುವುದಿಲ್ಲ. ಬ್ರೇಕ್ ಪ್ಯಾಡ್, ಎಣ್ಣೆ, ಸಸ್ಪೆನ್ಷನ್ ಕೆಲಸದಲ್ಲೇ ದಿನ ಕಳೆಯುವ ಡೀಲರ್ ವರ್ಕ್‌ಷಾಪಿನ ತಂತ್ರಜ್ಞ ಬಿಚ್ಚಿದ ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳನ್ನು ಬೆರಳೆಣಿಕೆಯಷ್ಟು ಮಾತ್ರ ಕಂಡಿರುತ್ತಾನೆ. ಜೊತೆಗೆ, ಕೆಲವು ಕಂಪನಿಗಳ ಬಿಡಿಭಾಗಗಳ ಪಟ್ಟಿಯಲ್ಲಿ ಗೇರ್‌ಬಾಕ್ಸಿನ ಒಳಭಾಗಗಳಿಗೆ ಪ್ರತ್ಯೇಕ ಸಂಖ್ಯೆಯೇ ಇರುವುದಿಲ್ಲ. ತರಿಸಲು ಬರುವುದು ಪೂರ್ತಿ ಡಬ್ಬಿಯೊಂದೇ.

ಹೀಗಾಗಿ ವಾರಂಟಿಯೊಳಗಿರುವ ಕಾರಿಗೆ ಹೋಲಿಕೆಯ ಗೋಜೇ ಬೇಡ. ಕಂಪನಿ ಹೊಸ ಅಸೆಂಬ್ಲಿ ಕೊಡುತ್ತೇನೆಂದರೆ ಎರಡು ಮಾತಾಡದೆ ತೆಗೆದುಕೊಳ್ಳಿ. ‘ಇಲ್ಲೇ ಬಿಚ್ಚಿ ನೋಡುತ್ತೇವೆ’ ಎಂದು ಅವರೇ ರಾಗ ಎಳೆದರೆ, ಬಿಚ್ಚುವವರು ಯಾರು, ಹಿಂದೆ ಈ ಮಾದರಿಯನ್ನು ಬಿಚ್ಚಿದ್ದಾರೆಯೇ, ಕಂಪನಿಯ ಪ್ರಾದೇಶಿಕ ತಾಂತ್ರಿಕ ವಿಭಾಗದ ಒಪ್ಪಿಗೆ ಇದೆಯೇ ಎಂದು ಬರಹದಲ್ಲಿ ಕೇಳಿ. ಇನ್ನೊಂದು ವಿಷಯವೂ ತಿಳಿದಿರಲಿ: ವಾರಂಟಿಯಲ್ಲಿ ಬದಲಿಸಿದ ಭಾಗಕ್ಕೆ ಹೊಸದಾಗಿ ಪೂರ್ಣಾವಧಿಯ ವಾರಂಟಿ ಶುರುವಾಗುವುದಿಲ್ಲ, ಮೂಲ ವಾರಂಟಿಯಲ್ಲಿ ಉಳಿದ ಅವಧಿಗಷ್ಟೇ ರಕ್ಷಣೆ ಎಂಬುದು ಸಾಮಾನ್ಯವಾಗಿ ಕಂಡುಬರುವ ಷರತ್ತು. ವಾರಂಟಿ ಮುಗಿಯಲು ಎರಡು ತಿಂಗಳಿದ್ದಾಗ ಹೊಸ ಗೇರ್‌ಬಾಕ್ಸ್ ಬಂದರೆ, ಎಕ್ಸ್‌ಟೆಂಡೆಡ್ ವಾರಂಟಿ ಕೊಳ್ಳುವ ಅವಕಾಶ ಇನ್ನೂ ಇದ್ದಲ್ಲಿ ಆಗಲೇ ಕೊಂಡುಬಿಡಿ.

ವಾರಂಟಿ ಮುಗಿದವರಿಗೇ ನಿಜವಾದ ತಲೆನೋವು. ಮುಂದಿನ ಮಾತೆಲ್ಲ ಅವರಿಗಾಗಿ.

ಮೊದಲು ಎಣ್ಣೆ ನೋಡಿ, ಆಮೇಲೆ ಎಸ್ಟಿಮೇಟ್

ಗೇರ್‌ಬಾಕ್ಸ್ ಏನನ್ನೂ ಮುಚ್ಚಿಡುವುದಿಲ್ಲ. ಕಾರನ್ನು ಲಿಫ್ಟಿಗೇರಿಸಿ, ಸ್ವಲ್ಪ ಎಣ್ಣೆ ಇಳಿಸಿ, ಬಿಳಿ ಟಿಷ್ಯೂ ಕಾಗದದ ಮೇಲೆ ನಾಲ್ಕು ಹನಿ ಹಾಕಿಸಿ. ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸಿನ ಎಟಿಎಫ್ ಎಣ್ಣೆ ಹೊಸದಿದ್ದಾಗ ಸಾಮಾನ್ಯವಾಗಿ ಕೆಂಪಗಿರುತ್ತದೆ. ಕಂದಾಗಿದ್ದರೆ ವಯಸ್ಸಾಗಿದೆ ಎಂದಷ್ಟೇ ಅರ್ಥ. ಕಪ್ಪಾಗಿ, ಸುಟ್ಟ ವಾಸನೆ ಹೊಡೆಯುತ್ತಿದ್ದರೆ ಕ್ಲಚ್ ಪ್ಲೇಟುಗಳ ಘರ್ಷಣೆಯ ಪದರ ಸುಟ್ಟಿದೆ. ನಸುಗೆಂಪು ಹಾಲಿನಂತೆ ಮಂಜಾಗಿದ್ದರೆ ರೇಡಿಯೇಟರ್ ಒಳಗಿನ ಕೂಲರ್ ಸೋರಿ ನೀರು ಬೆರೆತಿದೆ. ನೀರು ಸೇರಿದರೆ ಕ್ಲಚ್ ಪ್ಲೇಟಿನ ಅಂಟು ಬಿಡುತ್ತದೆ. ಆಗ ಎಣ್ಣೆ ಬದಲಿಸಿ ಸಮಾಧಾನಪಡುವುದು ವ್ಯರ್ಥ.

ನಂತರ ಕೆಳಗಿನ ಪ್ಯಾನ್ ಬಿಚ್ಚಿಸಿ. ಅದರ ತಳದಲ್ಲಿ ಅಂಗಿಯ ಗುಂಡಿಯ ಗಾತ್ರದ ಅಯಸ್ಕಾಂತಗಳು ಇರುತ್ತವೆ. ಗದುಗಿನ ಬೀಜದ ವ್ಯಾಪಾರಿಯೊಬ್ಬರ ಎಸ್‌ಯುವಿ ಅರಬೈಲ್ ಘಾಟಿ ಹತ್ತುವಾಗ ಎಂಜಿನ್ ಕಿರುಚಿದರೂ ವೇಗ ಏರದೆ ನರಳುತ್ತಿತ್ತು. ಎಸ್ಟಿಮೇಟಿನಲ್ಲಿ ಎಂದಿನಂತೆ ಅಸೆಂಬ್ಲಿ. ಪ್ಯಾನ್ ಬಿಚ್ಚದೆ ಒಪ್ಪಿಗೆ ಕೊಡುವುದಿಲ್ಲವೆಂದು ಅವರು ಪಟ್ಟು ಹಿಡಿದರು. ಆ ಅಯಸ್ಕಾಂತವನ್ನು ಹೆಬ್ಬೆರಳಿನಿಂದ ಉಜ್ಜಿದಾಗ ಅಂಟಿದ್ದು ಕಾಡಿಗೆಯಷ್ಟು ನುಣುಪಾದ ಬೂದು ಲೇಪ. ಎಷ್ಟು ತೀಡಿದರೂ ಬೆರಳಿಗೆ ಏನೂ ಚುಚ್ಚಲಿಲ್ಲ. ಅಂಥ ಲೇಪ ಸಹಜ ಸವಕಳಿಯದು. ಚೂಪಾದ ಚೂರುಗಳು, ಉಗುರಿನಂಥ ಸಿಪ್ಪೆಗಳು ಸಿಕ್ಕಿದ್ದರೆ ಬೇರಿಂಗ್ ಅಥವಾ ಗೇರ್ ಮುರಿದಿದೆ ಎಂದೇ ತಿಳಿಯಬೇಕಾಗುತ್ತಿತ್ತು. ಕೊನೆಗೆ ಒತ್ತಡ ನಿಯಂತ್ರಿಸುವ ಸಾಲಿನಾಯ್ಡ್ ಎಂಬ ವಿದ್ಯುತ್ ವಾಲ್ವ್ ಕೆಟ್ಟಿದ್ದು ಪತ್ತೆಯಾಗಿ, ಅದು ಕೂತಿರುವ ವಾಲ್ವ್ ಬಾಡಿಯಷ್ಟನ್ನೇ ಬದಲಿಸಿ ಗಾಡಿ ಹೊರಬಂತು. ನಾನು ಹೇಳಿದ ನಡುದಾರಿ ಇದು.

ಸ್ಕ್ಯಾನರ್ ವರದಿಯನ್ನೂ ಮುದ್ರಿಸಿ ಕೇಳಿ. ಅದರಲ್ಲಿ ‘ಪಿ0700’ ಎಂದಷ್ಟೇ ಇದ್ದರೆ ಗೇರ್‌ಬಾಕ್ಸ್ ಕಂಪ್ಯೂಟರ್ ಏನೋ ದೂರು ದಾಖಲಿಸಿದೆ ಎಂಬ ಸೂಚನೆ ಮಾತ್ರ. ದೂರಿನ ವಿವರ ಇನ್ನೊಂದು ಸಂಖ್ಯೆಯಲ್ಲಿ ಇರುತ್ತದೆ. ‘ಪಿ0741’ ಇದ್ದರೆ ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುವ ಲಾಕ್‌ಅಪ್ ಕ್ಲಚ್ ಸರಿಯಾಗಿ ಹಿಡಿಯುತ್ತಿಲ್ಲ. ‘ಪಿ0730’ ಇದ್ದರೆ ಗೇರ್ ಅನುಪಾತ ತಪ್ಪುತ್ತಿದೆ, ಅಂದರೆ ಒಳಗೆ ಎಲ್ಲೋ ಜಾರುತ್ತಿದೆ. ಬರೀ ಪಿ0700 ತೋರಿಸಿ ಅಸೆಂಬ್ಲಿ ಬರೆದುಕೊಟ್ಟರೆ ರೋಗ ಪತ್ತೆಯಾಗಿಲ್ಲ ಎಂದೇ ಲೆಕ್ಕ.

ಇಷ್ಟೆಲ್ಲಕ್ಕೂ ಮೊದಲು ಬ್ಯಾಟರಿ, ಬ್ರೇಕ್ ಸ್ವಿಚ್ ಮತ್ತು ವೈರಿಂಗ್ ನೋಡಿಸಿ. ಅಮರಗೋಳದ ಎಪಿಎಂಸಿ ಗೋದಾಮಿನ ಪಕ್ಕ ಅಥವಾ ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಗಳ ಹಿಂದೆ ರಾತ್ರಿಯಿಡೀ ನಿಲ್ಲುವ ಕಾರುಗಳ ವೈರುಗಳನ್ನು ಇಲಿಗಳು ಬಿಡುತ್ತವೆಯೇ? ಕಡಿದ ಒಂದು ಸೆನ್ಸರ್ ವೈರಿಗಾಗಿ ಗೇರ್‌ಬಾಕ್ಸ್ ಇಳಿಸುವಷ್ಟು ದೊಡ್ಡ ಮನಸ್ಸು ಯಾರಿಗೂ ಬೇಡ.

ನಿಮ್ಮ ಕಾರಿನೊಳಗಿರುವುದು ಯಾವ ಜಾತಿಯದು?

‘ಆಟೊಮ್ಯಾಟಿಕ್’ ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಯಂತ್ರಗಳಿವೆ: ಎಎಂಟಿ, ಟಾರ್ಕ್ ಕನ್ವರ್ಟರ್, ಸಿವಿಟಿ, ಡಿಸಿಟಿ. ಒಂದೊಂದರ ಒಳಗುಟ್ಟು ಮುಂದಿದೆ. ಕಾರಿನ ಹೆಸರು ಹೇಳಿದರೂ ಸಾಲದು. ಹುಂಡೈ ಕ್ರೆಟಾದ ಸಾಧಾರಣ 1.5 ಪೆಟ್ರೋಲ್‌ನಲ್ಲಿ ಸಿವಿಟಿ, ಡೀಸೆಲ್‌ನಲ್ಲಿ ಆರು ಗೇರಿನ ಟಾರ್ಕ್ ಕನ್ವರ್ಟರ್, ಟರ್ಬೊ ಪೆಟ್ರೋಲ್‌ನಲ್ಲಿ ಡಿಸಿಟಿ. ಮಾರುತಿ ಬಲೆನೊ 2022ರ ತನಕ ಸಿವಿಟಿ, ಆಮೇಲೆ ಎಎಂಟಿ. ಫೋಕ್ಸ್‌ವ್ಯಾಗನ್ ವರ್ಟಸ್‌ನ 1.0 ಎಂಜಿನ್ನಿಗೆ ಟಾರ್ಕ್ ಕನ್ವರ್ಟರ್, 1.5ಕ್ಕೆ ಡಿಎಸ್‌ಜಿ, ಅಂದರೆ ಆ ಕಂಪನಿಯ ಡಿಸಿಟಿ. ಪಕ್ಕದ ಮನೆಯವರ ಕ್ರೆಟಾಗೆ ಆದ ಖರ್ಚು ನಿಮ್ಮ ಕ್ರೆಟಾಗೆ ಅಳತೆಗೋಲಾಗದಿರುವುದು ಇದಕ್ಕೇ.

ಎಎಂಟಿ, ಅಂದರೆ 2014ರ ಸೆಲೆರಿಯೊದಿಂದ ನಮ್ಮ ಕಡೆ ಮನೆಮಾತಾದ, ಮಾರುತಿಯವರು ಎಜಿಎಸ್ ಎಂದು ಕರೆಯುವ ಜಾತಿಯದು, ಒಳಗೆ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನು ಕಾಲು ಮತ್ತು ಕೈಯ ಬದಲು ಆಕ್ಚುವೇಟರ್ ಮಾಡುತ್ತದೆ. ಇದರಲ್ಲಿ ಕೆಡುವುದು ಕ್ಲಚ್, ಆಕ್ಚುವೇಟರ್, ಅದರ ಪಂಪು, ಸೆನ್ಸರ್ ಅಥವಾ ಸೋರುವ ಎಣ್ಣೆ. ಬ್ಯಾಟರಿ ಸೊರಗಿದರೂ ಡ್ಯಾಷ್‌ಬೋರ್ಡಿನಲ್ಲಿ ಗೇರ್‌ಬಾಕ್ಸಿನ ದೀಪ ಉರಿಯುವುದುಂಟು. ಎಎಂಟಿ ಕಾರಿಗೆ ಪೂರ್ತಿ ಗೇರ್‌ಬಾಕ್ಸಿನ ಎಸ್ಟಿಮೇಟ್ ಬಂದರೆ ನೇರವಾಗಿ ಇನ್ನೊಂದು ಕಡೆ ತೋರಿಸಿ. ಕ್ಲಚ್ ಪ್ಲೇಟ್ ಸವೆಯುವ ಭಾಗವಾದ್ದರಿಂದ ವಾರಂಟಿಯಲ್ಲಿ ಅದಕ್ಕೆ ಸಾಮಾನ್ಯವಾಗಿ ರಕ್ಷಣೆ ಇರುವುದಿಲ್ಲ, ಅಲ್ಲಿ ಜಗಳವಾಡಿ ಪ್ರಯೋಜನವಿಲ್ಲ.

ಓವರ್‌ಹಾಲ್ ಎಂಬ ಮಾತಿಗೆ ನಿಜವಾಗಿ ತಕ್ಕದ್ದು ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್. ಇನ್ನೋವಾ ಕ್ರಿಸ್ಟಾ, ಫಾರ್ಚುನರ್, ಎಕ್ಸ್‌ಯುವಿ 700, ಸ್ಕಾರ್ಪಿಯೊ-ಎನ್ ಎಲ್ಲದರಲ್ಲೂ ಇದೇ. ಇದರ ಗೇರುಗಳು, ಪ್ಲಾನೆಟರಿ ಸೆಟ್ಟುಗಳು ಸುಲಭಕ್ಕೆ ಸಾಯುವುದಿಲ್ಲ. ಸವೆಯುವುದು ಕ್ಲಚ್ ಪ್ಲೇಟು, ಸೀಲು, ಬುಷ್, ಸಾಲಿನಾಯ್ಡ್. ಇವೆಲ್ಲ ಕಿಟ್ ರೂಪದಲ್ಲಿ ಸಿಗುತ್ತವೆ. ಸರಿಯಾದ ಕೈಯಲ್ಲಿ ಕಟ್ಟಿದ ಇಂಥ ಗೇರ್‌ಬಾಕ್ಸ್ ಹೊಸದರಷ್ಟೇ ಬಾಳಬಲ್ಲದು. ಒಂದೇ ಒಂದು ತೊಡಕು ಟಾರ್ಕ್ ಕನ್ವರ್ಟರಿನದು. ಅದು ಸುತ್ತಲೂ ವೆಲ್ಡ್ ಮಾಡಿದ ಮುಚ್ಚಿದ ಡ್ರಮ್ಮು. ಅದನ್ನು ಲೇಥಿನಲ್ಲಿ ಕೊಯ್ದು, ಲಾಕ್‌ಅಪ್ ಕ್ಲಚ್ಚಿನ ಪದರ ಬದಲಿಸಿ, ಮತ್ತೆ ವೆಲ್ಡ್ ಮಾಡಿ, ಬ್ಯಾಲೆನ್ಸ್ ನೋಡಬೇಕು. ಇದಕ್ಕೆ ಬೇಕಾದ ಯಂತ್ರ ಎಲ್ಲ ಊರುಗಳಲ್ಲಿ ಇರುವುದಿಲ್ಲ. ‘ಕನ್ವರ್ಟರ್ ಚೆನ್ನಾಗಿದೆ, ಹಾಗೇ ಹಾಕುತ್ತೇವೆ’ ಎನ್ನುವ ಓವರ್‌ಹಾಲ್‌ಗೆ ಒಪ್ಪಬೇಡಿ. ಸುಟ್ಟ ಪ್ಲೇಟುಗಳ ಪುಡಿಯೆಲ್ಲ ಆ ಡ್ರಮ್ಮಿನ ಹೊಟ್ಟೆಯಲ್ಲೇ ಕೂತಿರುತ್ತದೆ. ಹೊಸ ಪ್ಲೇಟುಗಳ ನಡುವೆ ಅದೇ ಪುಡಿ ಮತ್ತೆ ತಿರುಗುತ್ತದೆ.

ಸಿವಿಟಿಯ ಲೆಕ್ಕವೇ ಬೇರೆ. ಹೋಂಡಾ ಸಿಟಿ, ಅಮೇಜ್, ನಿಸ್ಸಾನ್ ಮ್ಯಾಗ್ನೈಟ್ ಟರ್ಬೊ, ರೆನೊ ಕೈಗರ್ ಟರ್ಬೊ ಕಾರುಗಳಲ್ಲಿ ಎರಡು ಶಂಕುವಿನಾಕಾರದ ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ಶಕ್ತಿಯೆಲ್ಲ ದಾಟುವುದು ಬೆಲ್ಟು ಪುಲ್ಲಿಯನ್ನು ಒತ್ತಿ ಹಿಡಿಯುವ ಆ ತೆಳ್ಳನೆಯ ಸ್ಪರ್ಶರೇಖೆಯ ಮೂಲಕ. ಬೆಲ್ಟ್ ಒಮ್ಮೆ ಜಾರಿ ಪುಲ್ಲಿಯ ಮುಖಕ್ಕೆ ಗೀರು ಬಿತ್ತೆಂದರೆ ಪಾಲಿಷ್ ಮಾಡಿ ಸರಿಪಡಿಸುವ ಮಾತಿಲ್ಲ. ಬೆಲ್ಟ್, ಎರಡು ಪುಲ್ಲಿ, ಬೇರಿಂಗು ಎಲ್ಲ ಕೊಂಡರೆ ಖರ್ಚು ಹೊಸ ಅಸೆಂಬ್ಲಿಯ ಹತ್ತಿರಕ್ಕೇ ಹೋಗುತ್ತದೆ. ಆದ್ದರಿಂದ ಸಿವಿಟಿಯ ಪ್ಯಾನಿನಲ್ಲಿ ಲೋಹದ ಚೂರು ಕಂಡರೆ, ಕಾರಿಗೆ ಆ ಬೆಲೆ ಇದೆಯಾದರೆ, ಹೊಸ ಅಸೆಂಬ್ಲಿಯನ್ನೇ ಹಾಕಿಸಿ. ಚೂರಿಲ್ಲದೆ ಒತ್ತಡ ಕಡಿಮೆ ಎಂಬ ಕೋಡ್ ಮಾತ್ರ ಬಂದಿದ್ದರೆ ಎಣ್ಣೆ, ಫಿಲ್ಟರ್, ವಾಲ್ವ್ ಬಾಡಿ ಈ ಕ್ರಮದಲ್ಲಿ ನೋಡಿಸಿ. ಎಣ್ಣೆಯ ವಿಷಯದಲ್ಲಿ ಸಿವಿಟಿ ಬಹಳ ಮಡಿವಂತ. ಹೋಂಡಾಕ್ಕೆ ಎಚ್‌ಸಿಎಫ್-2 ಬೇಕೆಂದಿದ್ದರೆ ಅದೇ ಆಗಬೇಕು, ‘ಎಲ್ಲ ಆಟೊಮ್ಯಾಟಿಕ್‌ಗೂ ನಡೆಯುತ್ತದೆ’ ಎಂಬ ಡಬ್ಬಿ ಒಳಗೆ ಹೋಗಕೂಡದು.

ಉಳಿದದ್ದು ಡಿಸಿಟಿ. ಎರಡು ಕ್ಲಚ್ಚುಗಳಿರುವ ಇದರ ಒಣ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್) ಮಾದರಿಗೆ ಇಂಚಿಂಚಾಗಿ ತೆವಳುವ ಓಡಾಟ ಆಗಿಬರುವುದಿಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸುಗಳಿಗೆ ಪ್ರತ್ಯೇಕ ಪಥವಿದೆ, ನಮಗೆ ಉಳಿದ ಪಥದಲ್ಲಿ ತೆವಳುವ ಯೋಗ. ಚೆನ್ನಮ್ಮ ವೃತ್ತದಲ್ಲಿ ಸಂಜೆ ಹೊತ್ತು ಹೇಗಿರುತ್ತದೆಂದು ವಿವರಿಸಬೇಕಿಲ್ಲ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳ ಏಳು ಗೇರಿನ ಒಣ ಕ್ಲಚ್ ಡಿಎಸ್‌ಜಿಯ ದೌರ್ಬಲ್ಯ ಜಗತ್ತಿಗೇ ಗೊತ್ತಿದೆ; ಡಿಎಸ್‌ಜಿ ದೋಷಕ್ಕಾಗಿಯೇ 2013ರಲ್ಲಿ ಚೀನಾದಲ್ಲಿ ಕಂಪನಿ 3.8 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತ್ತು. ಈ ಗೇರ್‌ಬಾಕ್ಸಿನಲ್ಲಿ ಕೆಡುವುದು ಹೆಚ್ಚಾಗಿ ಎರಡೇ: ಮೆಕಾಟ್ರಾನಿಕ್ ಎಂಬ ಹೈಡ್ರಾಲಿಕ್ ಮತ್ತು ಕಂಪ್ಯೂಟರ್ ಸೇರಿದ ಘಟಕ, ಇಲ್ಲವೇ ಕ್ಲಚ್ ಪ್ಯಾಕ್. ಮೆಕಾಟ್ರಾನಿಕ್‌ನಲ್ಲಿ ಒತ್ತಡ ಕೂಡಿಡುವ ಅಕ್ಯುಮುಲೇಟರ್ ಕೂರುವ ಜಾಗ ಬಿರುಕು ಬಿಟ್ಟು ಎಣ್ಣೆ ಸೋರಿದರೆ ‘ಪಿ189ಸಿ’ ಎಂಬ ಕೋಡ್ ಬರುತ್ತದೆ, ಗೇರುಗಳು ಸಿಗುವುದಿಲ್ಲ. ಆಗ ಬದಲಿಸಬೇಕಾದ್ದು ಮೆಕಾಟ್ರಾನಿಕ್. ಗೇರ್‌ಬಾಕ್ಸಿನ ಉಳಿದ ಭಾಗಕ್ಕೆ ಕೈ ಹಚ್ಚಬೇಕಿಲ್ಲ. ಡಿಸಿಟಿಗೆ ಪೂರ್ತಿ ಅಸೆಂಬ್ಲಿ ಬರೆದಿದ್ದರೆ ‘ಕ್ಲಚ್ ಮತ್ತು ಮೆಕಾಟ್ರಾನಿಕ್ ಬಿಟ್ಟು ಒಳಗೆ ಇನ್ನೇನು ಕೆಟ್ಟಿದೆ?’ ಎಂದು ಕೇಳಿ. ಉತ್ತರ ಬರದಿದ್ದರೆ ನಿಮಗೆ ಉತ್ತರ ಸಿಕ್ಕಂತೆಯೇ. ಆದರೆ ಈ ಕೆಲಸವನ್ನು ಮಾತ್ರ ಅಧಿಕೃತ ಕೇಂದ್ರದಲ್ಲೋ, ಈ ಜಾತಿಯ ಕೆಲಸವನ್ನಷ್ಟೇ ಮಾಡುವವರಲ್ಲೋ ಮಾಡಿಸಬೇಕು. ಕ್ಲಚ್ ಪ್ಯಾಕ್ ಕೂರಿಸುವಾಗ ಶಿಮ್ ಎಂಬ ತೆಳು ಬಿಲ್ಲೆಯ ಅಳತೆ ಮಿಲಿಮೀಟರಿನ ಸಣ್ಣ ಭಾಗದಲ್ಲಿ ತಪ್ಪಿದರೂ ಕಾರು ನಡುಗುತ್ತದೆ. ಹೊಸ ಘಟಕಕ್ಕೆ ಕಂಪನಿಯ ಸಾಫ್ಟ್‌ವೇರಿನಿಂದ ಕಲಿಕೆ ಮಾಡಿಸದಿದ್ದರೆ ಗೇರ್ ಬೀಳುವುದೇ ಇಲ್ಲ.

ದುಡ್ಡಿನ ಲೆಕ್ಕ

ಹೊಸ ಅಸೆಂಬ್ಲಿಗೆ 3,00,000 ರೂಪಾಯಿ, ಓವರ್‌ಹಾಲ್‌ಗೆ 1,30,000 ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಓವರ್‌ಹಾಲ್ ಮಾಡಿದ ನಾಲ್ಕು ಗೇರ್‌ಬಾಕ್ಸುಗಳಲ್ಲಿ ಒಂದು ಮತ್ತೆ ಕೆಟ್ಟು, ಕೊನೆಗೆ ಹೊಸದನ್ನೇ ಹಾಕಿಸುವ ಗತಿ ಬಂದೀತು ಎಂದು ಹೆದರೋಣ. ಆ ಭಯದ ಬೆಲೆ 3,00,000ದ ಕಾಲು ಭಾಗ, ಅಂದರೆ 75,000. ಎರಡೂ ಸೇರಿ 2,05,000. ಆಗಲೂ ಓವರ್‌ಹಾಲೇ ಅಗ್ಗ. ಹೊಸದು ಗೆಲ್ಲಬೇಕಾದರೆ ಓವರ್‌ಹಾಲ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಡಬೇಕು. ಅಷ್ಟು ಕೆಟ್ಟ ಕೆಲಸಗಾರನ ಹತ್ತಿರ ನೀವು ಹೋಗುವುದಿಲ್ಲ.

ಈಗ ಅದೇ ಓವರ್‌ಹಾಲ್‌ಗೆ 2,20,000 ಕೇಳಿದ್ದಾರೆ ಎನ್ನಿ. ಅದೇ ಭಯದ 75,000 ಸೇರಿದರೆ 2,95,000. ಉಳಿತಾಯ ಐದು ಸಾವಿರ. ಇಷ್ಟಕ್ಕಾಗಿ ಕಾರಿಲ್ಲದೆ ವಾರಗಟ್ಟಲೆ ಓಡಾಡುವುದು ಯಾರಿಗೂ ಬೇಡ. ನಾನು ಇಟ್ಟುಕೊಂಡ ಗೆರೆ ಹೀಗೆ: ಓವರ್‌ಹಾಲ್ ಹೊಸದರ ಅರ್ಧ ಬೆಲೆಯೊಳಗಿದ್ದರೆ ಅದನ್ನು ಪರಿಗಣಿಸಬೇಕು, ಮುಕ್ಕಾಲಿಗೆ ಹೋದರೆ ಹೊಸದೇ ಸರಿ. ನಡುವೆ ಇದ್ದರೆ ಲಿಖಿತ ವಾರಂಟಿ ಎಷ್ಟು ತಿಂಗಳು, ಎಷ್ಟು ಕಿಲೋಮೀಟರ್ ಎಂಬುದು ತೂಕ ಹಾಕಲಿ. ಇನ್ನು ಯಾವ ದಾರಿಗೇ ಆಗಲಿ, ಕಾರಿನ ಇಂದಿನ ಮಾರಾಟ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕಾದರೆ, ಇದ್ದ ಸ್ಥಿತಿಯಲ್ಲೇ ಮಾರಿದರೆ ಎಷ್ಟು ಬರುತ್ತದೆಂದು ಒಮ್ಮೆ ವಿಚಾರಿಸುವುದು ನಾಚಿಕೆಗೇಡಿನ ಕೆಲಸವಲ್ಲ.

ಹಳೆಯ ಎಸ್ಟಿಮೇಟುಗಳನ್ನು ಹೋಲಿಕೆಗೆ ತರಬೇಡಿ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಹಾಳೆಯಲ್ಲಿ ಅಸೆಂಬ್ಲಿಯ ಬೆಲೆ ಈಗಿನದಕ್ಕಿಂತ ಹೆಚ್ಚು ಕಾಣುತ್ತದೆ, ಓವರ್‌ಹಾಲ್‌ನಲ್ಲಿ ನಿಜಕ್ಕೂ ಇಲ್ಲದ ಲಾಭ ಇದ್ದಂತೆ ತೋರುತ್ತದೆ.

ಇನ್ನೊಂದು ಆಯ್ಕೆಯನ್ನೂ ಕೆಲವರು ಪಿಸುಗುಡುತ್ತಾರೆ: ಮುಂಬೈಯ ಕುರ್ಲಾದಿಂದಲೋ ಬೆಂಗಳೂರಿನಿಂದಲೋ ತರಿಸಿದ ಹಳೆಯ ಗೇರ್‌ಬಾಕ್ಸ್. ಅಪಘಾತದ ಕಾರಿನದಾದರೆ ಸರಿಯಿರಲೂಬಹುದು, ನೆರೆಯಲ್ಲಿ ಮುಳುಗಿದ ಕಾರಿನದಾದರೆ ತಿಂಗಳೊಳಗೆ ಬಣ್ಣ ಬಯಲಾಗುತ್ತದೆ. ಮೂಲ ಕಾರಿನ ದಾಖಲೆ ಮತ್ತು ಹಿಂದಿರುಗಿಸುವ ಲಿಖಿತ ಷರತ್ತು ಇಲ್ಲದೆ ಮುಟ್ಟಬೇಡಿ. ಆರ್‌ಸಿಯಲ್ಲಿ ದಾಖಲಾಗುವುದು ಎಂಜಿನ್ ಮತ್ತು ಚಾಸಿ ಸಂಖ್ಯೆಗಳಾದ್ದರಿಂದ ಗೇರ್‌ಬಾಕ್ಸ್ ಬದಲಾವಣೆಗೆ ಆರ್‌ಟಿಒ ಕಚೇರಿಯ ಅಲೆದಾಟವಿಲ್ಲ ಎಂಬುದೊಂದೇ ಇದರ ಸಮಾಧಾನ.

ದೂರದ ಪ್ರಶ್ನೆ

ಬೆಂಗಳೂರಿನವರಿಗೆ ಬರೆದ ಸಲಹೆಗಳು ನಮಗೆ ಹೊಂದದಿರುವುದು ಇಲ್ಲಿ. ಹುಬ್ಬಳ್ಳಿಯಲ್ಲಿ ಓವರ್‌ಹಾಲ್ ಎಂದರೆ ಅನೇಕ ಸಲ ಗೇರ್‌ಬಾಕ್ಸನ್ನು ಇಲ್ಲಿ ಇಳಿಸಿ, ಲಾರಿಗೆ ಹಾಕಿ, ನಾನೂರು ಕಿಲೋಮೀಟರ್ ಆಚೆಯ ಬೆಂಗಳೂರಿಗೋ ಪುಣೆಗೋ ಕಳಿಸಿ, ಕಟ್ಟಿಸಿ ತಂದು ಮತ್ತೆ ಇಲ್ಲಿ ಕೂರಿಸುವುದು. ಇಳಿಸಿದವರೊಬ್ಬರು, ಕಟ್ಟಿದವರೊಬ್ಬರು. ಮೂರು ತಿಂಗಳಿಗೆ ಮತ್ತೆ ಜಾರಲು ಶುರುವಾದರೆ ಕಟ್ಟಿದವರು ‘ಕೂರಿಸುವಾಗ ಕನ್ವರ್ಟರ್ ಸರಿಯಾಗಿ ಹೊಂದಿಸಿಲ್ಲ, ಪಂಪು ಒಡೆದಿದೆ’ ಎನ್ನುತ್ತಾರೆ, ಕೂರಿಸಿದವರು ‘ಒಳಗಿನ ಕೆಲಸ ಸರಿಯಿಲ್ಲ’ ಎನ್ನುತ್ತಾರೆ. ನಡುವೆ ನಿಮ್ಮ ಕಾರು ಗ್ಯಾರೇಜಿನ ಮೂಲೆಯಲ್ಲಿ ದೂಳು ತಿನ್ನುತ್ತದೆ. ಹೀಗಾಗದಿರಲು ಬಿಲ್ಲು ಮತ್ತು ವಾರಂಟಿ ಎರಡೂ ಒಬ್ಬರ ಹೆಸರಿನಲ್ಲೇ ಇರಬೇಕು. ಎರಡನೆಯ ಸಲ ಇಳಿಸಿ ಏರಿಸುವ ಕೂಲಿ, ಲಾರಿ ಬಾಡಿಗೆ ಮತ್ತು ಎಣ್ಣೆ ವಾರಂಟಿಯೊಳಗೆ ಸೇರಿವೆ ಎಂದು ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ, ಅಸೆಂಬ್ಲಿಗೆ ಕೊಡುವ ಹೆಚ್ಚಿನ ದುಡ್ಡು ಈ ತಂಟೆಯಿಂದ ಬಿಡುಗಡೆಯ ಬೆಲೆ ಎಂದುಕೊಳ್ಳಬಹುದು.

ಹಾವೇರಿಯ ಕಡೆಯೋ ಗದುಗಿನ ಕಡೆಯೋ ಕಾರು ನಿಂತುಹೋದರೆ ಹಗ್ಗ ಕಟ್ಟಿ ಹುಬ್ಬಳ್ಳಿಗೆ ಎಳೆಸಬೇಡಿ. ಎಂಜಿನ್ ಓಡದಾಗ ಗೇರ್‌ಬಾಕ್ಸಿನ ಎಣ್ಣೆ ಪಂಪೂ ಓಡುವುದಿಲ್ಲ. ಚಕ್ರಗಳು ಮಾತ್ರ ಒಳಗಿನ ಭಾಗಗಳನ್ನು ಒಣಗಿದ್ದಂತೆಯೇ ತಿರುಗಿಸುತ್ತವೆ. ಸಾಲಿನಾಯ್ಡ್ ಕೆಟ್ಟು ನಿಂತ ಕಾರು ಹಾವೇರಿಯಿಂದ ಎಪ್ಪತ್ತು ಚಿಲ್ಲರೆ ಕಿಲೋಮೀಟರ್ ಹಾಗೆ ಎಳೆಸಿಕೊಂಡು ಬಂದರೆ, ಷೋರೂಮ್ ತಲುಪುವ ಹೊತ್ತಿಗೆ ಅಸೆಂಬ್ಲಿಯ ಎಸ್ಟಿಮೇಟ್ ನ್ಯಾಯವೇ ಆಗಿರುತ್ತದೆ. ಫ್ಲಾಟ್‌ಬೆಡ್ ಲಾರಿಯನ್ನೇ ತರಿಸಿ.

ಒಪ್ಪಿಗೆಯ ಸಹಿಗೆ ಮುನ್ನ

ಹೊಸದೇ ಬರಲಿ, ಓವರ್‌ಹಾಲೇ ಆಗಲಿ, ಕೂಲರ್ ಮತ್ತು ಅದರ ಪೈಪುಗಳನ್ನು ತೊಳೆಯುವುದು ಅಥವಾ ಬದಲಿಸುವುದು ಎಸ್ಟಿಮೇಟಿನಲ್ಲಿ ಇರಲೇಬೇಕು. ಹೊಸ ಗೇರ್‌ಬಾಕ್ಸನ್ನು ಹಳೆಯ ಕೂಲರಿನ ಕಸ ಕೊಂದ ಉದಾಹರಣೆಗಳು ಈ ವ್ಯಾಪಾರದಲ್ಲಿ ಹಳೆಯ ಕಥೆ. ಅಸೆಂಬ್ಲಿ ಹೊಸದೋ, ಕಾರ್ಖಾನೆಯಲ್ಲಿ ಮರುಕಟ್ಟಿದ್ದೋ ಎಂದೂ ಕೇಳಿ. ಕಾರ್ಖಾನೆಯ ಮರುಕಟ್ಟಣೆ ಕೀಳಲ್ಲ, ಆದರೆ ಅದಕ್ಕೆ ಹೊಸದರ ಬೆಲೆ ತೆರಬಾರದು. ದುಡ್ಡು ನೀವೇ ಕೊಡುತ್ತಿದ್ದರೆ ಬಿಚ್ಚಿದ ಹಳೆಯ ಭಾಗಗಳನ್ನು ನೋಡಲು, ಬೇಕಾದರೆ ಒಯ್ಯಲು ಕೇಳಿ. ವಿನಿಮಯದ ಮೇಲೆ ರಿಯಾಯಿತಿ ಕೊಟ್ಟಿದ್ದರೆ ಮಾತ್ರ ಅವು ಅವರವು.

ವಾರಂಟಿ ಮುಗಿದು ಹೆಚ್ಚು ದಿನ ಆಗಿಲ್ಲ, ಸರ್ವಿಸ್ ಎಲ್ಲ ಅಧಿಕೃತ ಕೇಂದ್ರದಲ್ಲೇ ಆಗಿದೆ ಎಂದಾದರೆ ‘ಗುಡ್‌ವಿಲ್’ ಕೇಳಲು ಸಂಕೋಚ ಬೇಡ. ಇದು ಹಕ್ಕಲ್ಲ, ಕಂಪನಿ ಮನಸ್ಸು ಮಾಡಿದರೆ ಭಾಗದ ಬೆಲೆಯಲ್ಲಿ ಒಂದಷ್ಟನ್ನು ತಾನೇ ಭರಿಸುವ ರಿಯಾಯಿತಿ. ನಿರ್ಧಾರ ಡೀಲರನದ್ದಲ್ಲ, ಕಂಪನಿಯದು. ಆದ್ದರಿಂದ ಕೌಂಟರಿನಲ್ಲಿ ದನಿ ಏರಿಸುವುದಕ್ಕಿಂತ ಸರ್ವಿಸ್ ದಾಖಲೆಗಳೊಂದಿಗೆ ಕಂಪನಿಗೆ ಇಮೇಲ್ ಬರೆಯುವುದು ಮೇಲು. ‘ಜೀವಮಾನದ ಎಣ್ಣೆ, ಬದಲಿಸಬೇಕಿಲ್ಲ’ ಎಂದು ಹೇಳಿ ಎಣ್ಣೆ ಬದಲಿಸದೇ ಬಿಟ್ಟಿದ್ದರೆ ಅದನ್ನೂ ಬರೆಯಿರಿ. ಅನೇಕ ದುಬಾರಿ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿಯೇ ತನ್ನ ಗೇರ್‌ಬಾಕ್ಸುಗಳ ಎಣ್ಣೆಯನ್ನು 80,000ದಿಂದ 1,20,000 ಕಿಲೋಮೀಟರ್ ಒಳಗೆ ಅಥವಾ ಎಂಟು ವರ್ಷಕ್ಕೆ ಬದಲಿಸಲು ಹೇಳುತ್ತದೆ.

ತಾನಾಗಿ ಕೆಟ್ಟ ಗೇರ್‌ಬಾಕ್ಸಿಗೆ ವಿಮೆ ಸಿಗುವುದಿಲ್ಲ. ಕಲ್ಲೋ ಅವೈಜ್ಞಾನಿಕ ರಸ್ತೆ ಉಬ್ಬೋ ಪ್ಯಾನ್ ಒಡೆದಿದ್ದರೆ ಅದು ಅಪಘಾತ, ಕ್ಲೇಮ್ ಮಾಡಬಹುದು. ಎಣ್ಣೆ ಸೋರುತ್ತಿರುವಾಗಲೇ ಓಡಿಸಿಕೊಂಡು ಹೋಗಿದ್ದರೆ ಆಮೇಲಿನ ಹಾನಿಯನ್ನು ವಿಮಾ ಕಂಪನಿ ತಳ್ಳಿಹಾಕುತ್ತದೆ, ಎಂಜಿನ್ ಮತ್ತು ಗೇರ್‌ಬಾಕ್ಸ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಇದ್ದವರಿಗೆ ಅದರ ಷರತ್ತಿನಂತೆ ದಾರಿ ಇರಬಹುದು. ಝೀರೊ ಡಿಪ್ರಿಸಿಯೇಷನ್ ಇಲ್ಲದ ಪಾಲಿಸಿಯಲ್ಲಿ ಐದರಿಂದ ಹತ್ತು ವರ್ಷದ ಕಾರಿನ ಲೋಹದ ಭಾಗಗಳಿಗೆ ಶೇ 40 ಸವಕಳಿ ಕಡಿತವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೀಗೆ ಕಡಿತವಾಗುವ ಕ್ಲೇಮಿನಲ್ಲಿ ಪ್ಯಾನ್ ಮತ್ತು ಫಿಲ್ಟರ್ ಬದಲಿಸಿದರೆ ಸಾಕಾಗುವ ಕಡೆ ಅಸೆಂಬ್ಲಿಗೆ ಹೋದರೆ ನಿಮ್ಮ ಪಾಲಿನ ದುಡ್ಡೂ ಏರುತ್ತದೆ.

ಕೆಲಸ ಕೆಟ್ಟು, ಮಾತುಕತೆಯೂ ಕೆಟ್ಟರೆ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಷೋರೂಮ್ ಹುಬ್ಬಳ್ಳಿಯಲ್ಲಿದ್ದರೂ ರಾಣೆಬೆನ್ನೂರಿನವರು ಹಾವೇರಿಯ ಆಯೋಗಕ್ಕೆ, ಗದುಗಿನವರು ಗದುಗಿನ ಆಯೋಗಕ್ಕೆ ಹೋಗಲು ಅಡ್ಡಿಯಿಲ್ಲ. ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಿಕೆಯಾಗಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆಯೋಗ ಕೇಳುವುದು ಜಾಬ್ ಕಾರ್ಡ್, ಸ್ಕ್ಯಾನರ್ ವರದಿ, ಎಸ್ಟಿಮೇಟ್, ಬಿಲ್ಲು. ಕೆಲಸ ಮುಗಿದ ದಿನ ಇವುಗಳ ಜೊತೆಗೆ, ಕೋಡುಗಳೆಲ್ಲ ಅಳಿಸಿಹೋಗಿವೆ ಎಂದು ತೋರಿಸುವ ಕೊನೆಯ ಸ್ಕ್ಯಾನ್ ಹಾಳೆಯನ್ನೂ ತೆಗೆದುಕೊಳ್ಳಿ. ಬೈಪಾಸಿನಲ್ಲಿ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ತಂತ್ರಜ್ಞನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ಬಂದ ಮೇಲೆ ಅದನ್ನು ತೆಗೆಸಬೇಕು, ಓಡಿಸುವ ಮೊದಲು ತೆಗೆಸಿದ ಹಾಳೆಗೆ ಬೆಲೆಯಿಲ್ಲ.